ಕಡಲ ದಡದಿಂದ ಕೊಡಚಾದ್ರಿಗೆ: ಶರತ್ಕಾಲದ ಒಂದು ದಿನದ ಪ್ರಯೋಗ

ಆಶ್ವಯುಜ ಮಾಸವು ಕಾಲಿಟ್ಟು ಮಳೆಯ ಅಬ್ಬರ ತಗ್ಗಿದ ಮೇಲೆ, ತಿಳಿಯಾದ ಒಂದು ಮುಂಜಾನೆ ಕುಂದಾಪುರದಲ್ಲಿ ನಿಂತು ಈಶಾನ್ಯಕ್ಕೆ ಮುಖಮಾಡಿದರೆ, ತೆಂಗಿನ ತೋಟಗಳ ಆಚೆಗೆ ಸಹ್ಯಾದ್ರಿಯ ನೀಲಿ ಸಾಲು ಎದ್ದು ಕಾಣುತ್ತದೆ. ಆ ಸಾಲಿನಲ್ಲಿ ತಲೆಯೆತ್ತಿ ನಿಂತಿರುವುದು ಕೊಡಚಾದ್ರಿ. ಸಮುದ್ರಮಟ್ಟದಿಂದ ಅದರ ಎತ್ತರ 1343 ಮೀಟರು. ಕುಂದಾಪುರದಿಂದ ನೇರವಾಗಿ ಅಳೆದರೆ ದೂರ ಮೂವತ್ತು ಕಿಲೋಮೀಟರಿನ ಆಸುಪಾಸು ಮಾತ್ರ. ಕಡಲಿನ ಅಂಚಿನಲ್ಲಿ ಬೆಳಗಿನ ಗಂಜಿ ಉಂಡು ಹೊರಟು, ಶಿಖರವನ್ನೇರಿ, ಸಂಜೆಗೆ ಮತ್ತೆ ಕಡಲಿನ ಅಂಚಿಗೇ ಬಂದು ಸೇರುವ ಅನುಕೂಲ ಎಲ್ಲ ಊರಿನವರಿಗೂ ಇರುವುದಿಲ್ಲ.

ಶರತ್ಕಾಲದಲ್ಲಿ ಸಹಸ್ರಾರು ಜನ ಈ ದಾರಿಯಲ್ಲಿ ಹೋಗಿ ಬರುತ್ತಾರೆ. ನವರಾತ್ರಿಗೆ ಕೊಲ್ಲೂರಿನಲ್ಲಿ ಮೂಕಾಂಬಿಕೆಯ ದರ್ಶನ, ಆಮೇಲೆ ಬೆಟ್ಟ ಎಂಬುದು ರೂಢಿಯ ಕ್ರಮ. ಭೌತವಿಜ್ಞಾನವನ್ನು ಕಲಿಯುವ ವಿದ್ಯಾರ್ಥಿಗಳಿಗೆ ಈ ಯಾತ್ರೆಯಿಂದ ಇನ್ನೊಂದು ಲಾಭವುಂಟು. ಪಠ್ಯಪುಸ್ತಕದಲ್ಲಿ ಒಂದೆರಡು ಪುಟಗಳಲ್ಲಿ ಮುಗಿದುಹೋಗುವ 'ವಾಯುವಿನ ಒತ್ತಡ' ಎಂಬ ಪಾಠವನ್ನು ಇಲ್ಲಿ ಕಾಲಿನಿಂದ ನಡೆದು, ಕಣ್ಣಿನಿಂದ ಕಂಡು ತಿಳಿಯಬಹುದು. ಅದನ್ನು ಮಾಡುವ ಬಗೆ ಹೇಗೆ, ಮಾಡುವಾಗ ಎಲ್ಲಿ ಎಚ್ಚರ ಬೇಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಗಾಳಿಯ ಕಡಲಿನ ತಳ

ನಾವೆಲ್ಲರೂ ಗಾಳಿಯ ಒಂದು ಮಹಾಸಮುದ್ರದ ತಳದಲ್ಲಿ ಬಾಳುತ್ತಿದ್ದೇವೆ. ಈ ಗಾಳಿಗೆ ತೂಕವಿದೆ. ಸಮುದ್ರಮಟ್ಟದಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ನಿಂತ ಗಾಳಿಯ ಕಂಬದ ದ್ರವ್ಯರಾಶಿ ಹತ್ತು ಟನ್ನಿಗೂ ತುಸು ಹೆಚ್ಚು. ಅದರಿಂದುಂಟಾಗುವ ಒತ್ತಡವನ್ನು ಮಿಲಿಬಾರುಗಳಲ್ಲಿ ಹೇಳುವುದು ವಾಡಿಕೆ. ಈಗ ಬಳಕೆಯಲ್ಲಿರುವ ಹೆಕ್ಟೋಪಾಸ್ಕಲ್ ಎಂಬ ಮಾನವೂ ಅಷ್ಟೇ ಪ್ರಮಾಣದ್ದು. ಸಮುದ್ರಮಟ್ಟದಲ್ಲಿ ಈ ಒತ್ತಡ ಸುಮಾರು 1010 ಮಿಲಿಬಾರು ಎಂದಿಟ್ಟುಕೊಳ್ಳೋಣ.

ಬೆಟ್ಟವನ್ನು ಹತ್ತಿದಂತೆಲ್ಲ ನಾವು ಈ ಗಾಳಿಯ ಒಂದಂಶವನ್ನು ಕೆಳಗೆ ಬಿಟ್ಟು ಹೋಗುತ್ತೇವೆ. ಉಳಿದ ಗಾಳಿಯ ಭಾರ ಮಾತ್ರ ನಮ್ಮ ಮೇಲಿರುತ್ತದೆ. ಕೊಡಚಾದ್ರಿಯ ನೆತ್ತಿಯಲ್ಲಿ ಒತ್ತಡ 866 ಮಿಲಿಬಾರಿನ ಸಮೀಪಕ್ಕೆ ಇಳಿದಿರುತ್ತದೆ. ಎಂದರೆ ಪ್ರತಿ ಚದರ ಮೀಟರಿಗೆ ಸುಮಾರು ಒಂದೂವರೆ ಟನ್ನು ಗಾಳಿ ನಮ್ಮ ಪಾದಗಳ ಕೆಳಗೆ ಉಳಿಯಿತು. ವಾಯುಮಂಡಲದ ಏಳನೆಯ ಒಂದು ಪಾಲನ್ನು ಮಧ್ಯಾಹ್ನದೊಳಗೆ ದಾಟಿಬಿಟ್ಟಂತಾಯಿತು!

ಪೇರಿಯೇ ಹತ್ತಿದ ಬೆಟ್ಟ

ಈ ಪ್ರಯೋಗವನ್ನು ಮೊದಲು ಮಾಡಿದುದೂ ಇಂಥದೇ ಒಂದು ಶರತ್ಕಾಲದ ದಿನದಲ್ಲಿ. ಇಟಲಿಯ ಟೊರಿಚೆಲ್ಲಿಯು ಪಾದರಸದ ನಳಿಕೆಯನ್ನು ತೋರಿಸಿಕೊಟ್ಟು ಕೆಲವೇ ವರ್ಷಗಳಾಗಿದ್ದವು. ನಳಿಕೆಯಲ್ಲಿ ಪಾದರಸವನ್ನು ಎತ್ತಿ ಹಿಡಿದಿರುವುದು ಹೊರಗಿನ ಗಾಳಿಯ ಭಾರವೇ ಆಗಿದ್ದರೆ, ಬೆಟ್ಟದ ಮೇಲೆ ಪಾದರಸ ತಗ್ಗಲೇಬೇಕು ಎಂದು ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ತರ್ಕಿಸಿದನು. ತಾನು ಪ್ಯಾರಿಸಿನಲ್ಲಿದ್ದುದರಿಂದ, ಕ್ಲೆರ್ಮಾನ್ ಎಂಬ ಊರಿನಲ್ಲಿದ್ದ ತನ್ನ ಭಾವ ಫ್ಲೋರಾಂ ಪೇರಿಯೇಗೆ ಕಾಗದ ಬರೆದು ಪರೀಕ್ಷೆ ನಡೆಸಲು ಕೇಳಿಕೊಂಡನು.

1648ನೆಯ ಇಸವಿ ಸೆಪ್ಟೆಂಬರ್ 19ರಂದು ಪೇರಿಯೇ ಕೆಲವು ಸಂಗಡಿಗರೊಡನೆ ಪ್ಯುಯಿ ದ ಡೋಮ್ ಎಂಬ 1465 ಮೀಟರ್ ಎತ್ತರದ ಬೆಟ್ಟವನ್ನು ಹತ್ತಿದನು. ಹೊರಡುವ ಮುನ್ನ ಊರಿನ ಮಠವೊಂದರ ತೋಟದಲ್ಲಿ ಎರಡು ನಳಿಕೆಗಳನ್ನು ಪಕ್ಕಪಕ್ಕದಲ್ಲಿರಿಸಿ, ಎರಡರಲ್ಲಿಯೂ ಪಾದರಸ ಒಂದೇ ಮಟ್ಟದಲ್ಲಿ ನಿಲ್ಲುವುದನ್ನು ಖಚಿತಪಡಿಸಿಕೊಂಡನು. ಒಂದನ್ನು ಅಲ್ಲಿಯೇ ಬಿಟ್ಟು, ದಿನವಿಡೀ ನೋಡುತ್ತಿರುವಂತೆ ಮಠದ ಸಂನ್ಯಾಸಿಯೊಬ್ಬರಿಗೆ ಒಪ್ಪಿಸಿದನು. ಇನ್ನೊಂದನ್ನು ಶಿಖರಕ್ಕೆ ಒಯ್ದನು. ಮೇಲೆ ಪಾದರಸ ಸುಮಾರು 85 ಮಿಲಿಮೀಟರಿನಷ್ಟು ಇಳಿಯಿತು. ಬಯಲಿನಲ್ಲಿ, ಮಂಜಿನಲ್ಲಿ, ಅಲ್ಲಿದ್ದ ಚಿಕ್ಕ ಪ್ರಾರ್ಥನಾ ಮಂದಿರದ ಒಳಗೆ, ಹೀಗೆ ಐದು ಬಾರಿ ಅಳೆದರೂ ಅಂಕಿ ಬದಲಾಗಲಿಲ್ಲ. ಕೆಳಗಿಳಿದು ಬಂದಾಗ ಪಾದರಸ ಮೊದಲಿನ ಮಟ್ಟಕ್ಕೇ ಏರಿತು. ಮಠದ ನಳಿಕೆಯಲ್ಲಿ ದಿನವಿಡೀ ಯಾವ ವ್ಯತ್ಯಾಸವೂ ಆಗಿರಲಿಲ್ಲವೆಂದು ಸಂನ್ಯಾಸಿ ತಿಳಿಸಿದರು. ಗಾಳಿಗೆ ಭಾರವಿದೆಯೆಂಬುದು ಅಂದು ನಿರ್ಣಯವಾಯಿತು. ಇಂಗ್ಲಿಷಿನಲ್ಲಿ ಪಾದರಸಕ್ಕೆ ಯಾವ ದೇವತೆಯ ಹೆಸರಿದೆಯೋ ಆ ಮರ್ಕ್ಯುರಿಗಾಗಿ ರೋಮನರು ಕಟ್ಟಿದ್ದ ಗುಡಿಯ ಅವಶೇಷಗಳು ಇದೇ ಶಿಖರದಲ್ಲಿ 19ನೆಯ ಶತಮಾನದಲ್ಲಿ ದೊರೆತುದು ಒಂದು ಸ್ವಾರಸ್ಯದ ಸಂಗತಿ.

ಪೇರಿಯೇಯ ಬೆಟ್ಟ ಕೊಡಚಾದ್ರಿಗಿಂತ ಎತ್ತರವಾದುದು. ಆದರೆ ಅವನು ಹೊರಟ ಊರೇ ಸುಮಾರು 400 ಮೀಟರ್ ಎತ್ತರದಲ್ಲಿತ್ತು. ನಮ್ಮ ಪ್ರಯೋಗ ಕಡಲಿನ ಮಟ್ಟದಿಂದಲೇ ಆರಂಭವಾಗುತ್ತದೆ. ಅದೇ ನಳಿಕೆಯನ್ನು ಕುಂದಾಪುರದಿಂದ ಕೊಡಚಾದ್ರಿಗೆ ಒಯ್ದರೆ ಪಾದರಸ ಸುಮಾರು 108 ಮಿಲಿಮೀಟರು ಇಳಿಯಬೇಕು. ಅವನಿಗೆ ದೊರೆತುದಕ್ಕಿಂತ ದೊಡ್ಡ ಫಲ ನಮ್ಮ ವಿದ್ಯಾರ್ಥಿಗಳಿಗೆ ದೊರೆಯುತ್ತದೆ.

ದಾರಿ ಮತ್ತು ನಿಲ್ದಾಣಗಳು

ಪಾದರಸದ ನಳಿಕೆಯನ್ನು ಹೊತ್ತು ಬೆಟ್ಟ ಹತ್ತುವ ಅಗತ್ಯ ಈಗಿಲ್ಲ. ಅನಿರಾಯ್ಡ್ ವಾಯುಭಾರಮಾಪಕವೊಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ದೊರೆತರೆ ಸಾಕು. ಕೆಲವು ಮೊಬೈಲ್ ಫೋನುಗಳ ಒಳಗೂ ಒತ್ತಡವನ್ನಳೆಯುವ ಪುಟ್ಟ ಸಾಧನವಿರುತ್ತದೆ; ಅದು ಕೆಲಸಮಾಡಲು ದೂರವಾಣಿಯ ಸಂಪರ್ಕ ಬೇಕಿಲ್ಲ. ಜತೆಗೊಂದು ಉಷ್ಣತಾಮಾಪಕ, ಗಡಿಯಾರ, ಪುಸ್ತಕ, ಪೆನ್ಸಿಲು.

ಮೊದಲು ಕುಂದಾಪುರದಿಂದ ಉತ್ತರಕ್ಕೆ ಹೊರಟು ಮರವಂತೆಗೆ ಹೋಗೋಣ. ಇಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ನದಿಯ ಕಡೆಗೆ ಮಹಾರಾಜಸ್ವಾಮಿ ವರಾಹ ದೇವಸ್ಥಾನ. ಕಡಲಿಗೆ ಒಂದು ರಸ್ತೆಯಷ್ಟೇ ಅಂತರದಲ್ಲಿ ಬಂದ ನದಿ, ಕಡಲನ್ನು ಸೇರದೆ ತಿರುಗಿ, ಗಂಗೊಳ್ಳಿಯ ಬಳಿಯಲ್ಲಿ ಸಂಗಮವಾಗುತ್ತದೆ. ಸಮುದ್ರಮಟ್ಟದ ಅಳತೆಗೆ ಇದಕ್ಕಿಂತ ಒಪ್ಪುವ ಸ್ಥಳವಿಲ್ಲ.

ಅಲ್ಲಿಂದ ಹೆಮ್ಮಾಡಿಗೆ ಹಿಂದಿರುಗಿ, ವಂಡ್ಸೆಯ ಮಾರ್ಗವಾಗಿ ಕೊಲ್ಲೂರಿಗೆ ಬರಬೇಕು. ಮೂಕಾಂಬಿಕಾ ದೇವಾಲಯದ ಬಳಿ ಹರಿಯುವುದೂ ಇದೇ ಸೌಪರ್ಣಿಕೆ. ಅದು ಹುಟ್ಟುವುದು ಕೊಡಚಾದ್ರಿಯ ತಪ್ಪಲಿನಲ್ಲಿ. ಹೀಗಾಗಿ ನಮ್ಮ ಪ್ರಯಾಣವು ಒಂದು ನದಿಯನ್ನು ಅದರ ಕೊನೆಯಿಂದ ಮೊದಲಿಗೆ ಓದಿದಂತೆ. ಕೊಲ್ಲೂರಿನಲ್ಲಿ ಎರಡನೆಯ ಅಳತೆ.

ಕೊಲ್ಲೂರಿನಿಂದ ಜೀಪುಗಳು ನಾಗೋಡಿಯ ಘಾಟಿಯನ್ನೇರಿ, ನಿಟ್ಟೂರಿನ ಕಡೆಯಿಂದ ಬಳಸಿಕೊಂಡು ಬೆಟ್ಟವನ್ನು ಹತ್ತುತ್ತವೆ. ಇಲ್ಲಿ ಉಡುಪಿ ಜಿಲ್ಲೆ ಮುಗಿದು ಶಿವಮೊಗ್ಗ ಜಿಲ್ಲೆ ಆರಂಭವಾಗುತ್ತದೆ. ಕಾಲುದಾರಿಯಲ್ಲಿ ಹೋಗಬಯಸುವವರು ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯತಕ್ಕದ್ದು. ಜೀಪು ನಿಲ್ಲುವ ಎಡೆಯಲ್ಲಿ ಮೂಲ ಮೂಕಾಂಬಿಕೆಯದೆಂದು ಜನ ನಂಬುವ ಗುಡಿಯಿದೆ. ಅದರ ಮುಂದೆ ಹತ್ತು ಮೀಟರಿಗೂ ಮಿಕ್ಕಿದ ಕಬ್ಬಿಣದ ಕಂಬವೊಂದು ಮಲೆನಾಡಿನ ಮಳೆಯನ್ನೆಲ್ಲ ಸಹಿಸಿಕೊಂಡು ನಿಂತಿದೆ. ಲೋಹವಿಜ್ಞಾನಿ ಟಿ. ಆರ್. ಅನಂತರಾಮನ್ ಅವರು ಈ ಕಂಬದ ವಿಷಯವಾಗಿ 1999ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು.

ಇಲ್ಲಿ ಮೂರನೆಯ ಅಳತೆ. ಗುಡಿಯ ಜಗಲಿಯಲ್ಲಿ ಒಮ್ಮೆ, ಬಯಲಿನಲ್ಲಿ ಒಮ್ಮೆ ಅಳೆದು ನೋಡಬೇಕು. ಮಾಡಿನ ಕೆಳಗೆ ನಿಂತರೆ ಗಾಳಿಯ ಭಾರವನ್ನು ಮಾಡು ಹೊರುತ್ತದೆ, ಆದುದರಿಂದ ಒಳಗೆ ಒತ್ತಡ ಕಡಿಮೆ ಎಂದು ಭಾವಿಸುವ ವಿದ್ಯಾರ್ಥಿಗಳು ಉಂಟು. ಎರಡು ಅಂಕಿಗಳೂ ಒಂದೇ ಆಗಿರುವುದನ್ನು ಕಂಡಾಗ ಆ ಭಾವನೆ ತಾನಾಗಿ ಹೋಗುತ್ತದೆ. ಬಾಗಿಲು ಕಿಟಕಿಗಳ ಮೂಲಕ ಹೊರಗಿನ ಗಾಳಿಯೊಡನೆ ಸಂಪರ್ಕವಿರುವ ತನಕ ಒಳಗಿನ ಗಾಳಿಯೂ ಅದೇ ಒತ್ತಡಕ್ಕೆ ಒಳಪಟ್ಟಿರುತ್ತದೆ. ಪೇರಿಯೇ ಪ್ರಾರ್ಥನಾ ಮಂದಿರದ ಒಳಗೆ ಅಳೆದು ಕಂಡುದೂ ಇದನ್ನೇ.

ಗುಡಿಯಿಂದ ಒಂದೆರಡು ಕಿಲೋಮೀಟರು ಏರು ನಡೆದರೆ ಶಿಖರ. ಅಲ್ಲಿ ಸರ್ವಜ್ಞಪೀಠವೆಂಬ ಚಿಕ್ಕ ಕಲ್ಲುಮಂಟಪ. ನಾಲ್ಕನೆಯ ಅಳತೆ ಅಲ್ಲಿ.

ಕೆಳಗಿನ ಸಾಕ್ಷಿ

ಪೇರಿಯೇ ಮಠದಲ್ಲಿ ಬಿಟ್ಟುಹೋದ ಎರಡನೆಯ ನಳಿಕೆಯನ್ನು ಮರೆಯಬಾರದು. ಬೆಟ್ಟದ ಮೇಲೆ ಒತ್ತಡ ತಗ್ಗಿದುದು ಎತ್ತರದಿಂದಲೋ, ಅಥವಾ ಆ ಹೊತ್ತಿಗೆ ಹವೆಯೇ ಬದಲಾಗಿ ಎಲ್ಲೆಡೆಯೂ ತಗ್ಗಿತೋ ಎಂಬ ಸಂದೇಹಕ್ಕೆ ಉತ್ತರ ಹೇಳಬಲ್ಲುದು ಕೆಳಗಿನ ಉಪಕರಣ ಮಾತ್ರ.

ಕ್ಲೆರ್ಮಾನಿನಲ್ಲಿ ಅಂದು ಕೆಳಗಿನ ಪಾದರಸ ಕದಲಲಿಲ್ಲ. ನಮ್ಮ ನಾಡಿನಲ್ಲಿ ಹಾಗಲ್ಲ. ಉಷ್ಣವಲಯದಲ್ಲಿ ವಾಯುಮಂಡಲಕ್ಕೆ ದಿನಕ್ಕೆರಡು ಬಾರಿಯ ಏರಿಳಿತವಿದೆ. ಕಡಲಿನ ಭರತ ಇಳಿತಗಳಿಗೆ ಚಂದ್ರನು ಮುಖ್ಯ ಕಾರಣ; ಗಾಳಿಯ ಈ ಏರಿಳಿತಕ್ಕೆ ಮುಖ್ಯ ಕಾರಣ ಸೂರ್ಯನ ಶಾಖ. ಬೆಳಗಿನ ಹತ್ತು ಗಂಟೆಯ ಸುಮಾರಿಗೆ ಒತ್ತಡ ಗರಿಷ್ಠಕ್ಕೇರಿ, ಸಂಜೆ ನಾಲ್ಕರ ಸುಮಾರಿಗೆ ಕನಿಷ್ಠಕ್ಕಿಳಿಯುತ್ತದೆ. ರಾತ್ರಿಯೂ ಹೀಗೆಯೇ ಇನ್ನೊಮ್ಮೆ. ದಕ್ಷಿಣ ಅಮೆರಿಕದಲ್ಲಿ 1799ರಿಂದ ಸಂಚರಿಸಿದ ಜರ್ಮನ್ ವಿಜ್ಞಾನಿ ಹಂಬೋಲ್ಟನು ಈ ಏರಿಳಿತದ ಕ್ರಮಬದ್ಧತೆಯನ್ನು ಕಂಡು ಬೆರಗಾದನು. ನಮ್ಮ ಕರಾವಳಿಯಲ್ಲಿ ಹತ್ತರಿಂದ ನಾಲ್ಕರವರೆಗಿನ ಇಳಿತ ಸುಮಾರು 3 ಮಿಲಿಬಾರು. ಸಮುದ್ರಮಟ್ಟದ ಸಮೀಪದಲ್ಲಿ ಒಂದು ಮಿಲಿಬಾರೆಂದರೆ ಸುಮಾರು ಎಂಟೂವರೆ ಮೀಟರ್ ಎತ್ತರ. ಆದುದರಿಂದ ಬೆಳಗಿನ ಕೆಳಗಿನ ಅಂಕಿಯನ್ನೂ ಸಂಜೆಯ ಮೇಲಿನ ಅಂಕಿಯನ್ನೂ ಹೋಲಿಸಿದರೆ, ಬೆಟ್ಟವು ಇರುವುದಕ್ಕಿಂತ 26 ಮೀಟರು ಎತ್ತರವಾಗಿ ತೋರುತ್ತದೆ. ದೊಡ್ಡ ತೆಂಗಿನ ಮರವೊಂದನ್ನು ಶಿಖರದ ಮೇಲೆ ನೆಟ್ಟಷ್ಟು ತಪ್ಪು!

ಇದನ್ನು ನಿವಾರಿಸುವ ಉಪಾಯ ಸುಲಭ. ತಂಡದ ಒಬ್ಬರು ಕುಂದಾಪುರದಲ್ಲಿಯೇ ಉಳಿದು, ಎರಡನೆಯ ಉಪಕರಣವನ್ನು ಅರ್ಧ ಗಂಟೆಗೊಮ್ಮೆ ನೋಡಿ, ಹೊತ್ತಿನೊಡನೆ ಬರೆದಿಡಬೇಕು. ಮುಂಜಾನೆ ಎರಡು ಉಪಕರಣಗಳನ್ನೂ ಒಂದೆಡೆ ಇರಿಸಿ ಅವುಗಳೊಳಗಿನ ವ್ಯತ್ಯಾಸವನ್ನು ಗುರುತುಮಾಡಿಕೊಳ್ಳಬೇಕು. ಬೆಟ್ಟಕ್ಕೆ ಹೋಗದೆ ಉಳಿದವರ ಕೆಲಸ ಸಪ್ಪೆಯೆಂದು ತೋರಬಹುದು. ಆದರೆ ಅವರ ಪುಸ್ತಕವಿಲ್ಲದೆ ಮೇಲಿನವರ ಅಂಕಿಗಳಿಗೆ ಅರ್ಥವಿಲ್ಲ.

ಎತ್ತರದ ಲೆಕ್ಕ

ಒತ್ತಡದಿಂದ ಎತ್ತರವನ್ನು ಕಂಡುಹಿಡಿಯುವ ಸೂತ್ರಕ್ಕೆ ಫ್ರೆಂಚ್ ಗಣಿತಜ್ಞ ಲಾಪ್ಲಾಸನ ಹೆಸರಿದೆ. ಅದರ ಸರಳ ರೂಪ ಇದು:

ಎತ್ತರ (ಮೀಟರು) = 18,400 × (1 + ಸರಾಸರಿ ಉಷ್ಣತೆ ÷ 273) × ಲಾಗ್ (ಕೆಳಗಿನ ಒತ್ತಡ ÷ ಮೇಲಿನ ಒತ್ತಡ)

ಇಲ್ಲಿ ಲಾಗ್ ಎಂಬುದು ಹತ್ತನ್ನು ಆಧಾರವಾಗಿ ಉಳ್ಳದ್ದು, ಉಷ್ಣತೆ ಸೆಂಟಿಗ್ರೇಡಿನಲ್ಲಿ. ಉದಾಹರಣೆಗೆ, ಒಂದೇ ಹೊತ್ತಿನಲ್ಲಿ ಕೆಳಗೆ 1010 ಮಿಲಿಬಾರು, 30 ಡಿಗ್ರಿ. ಮೇಲೆ 866 ಮಿಲಿಬಾರು, 21 ಡಿಗ್ರಿ ಎಂದಿರಲಿ. ಸರಾಸರಿ ಉಷ್ಣತೆ 25.5. ಒತ್ತಡಗಳ ನಿಷ್ಪತ್ತಿ 1.1663, ಅದರ ಲಾಗ್ 0.0668. ಗುಣಿಸಿದರೆ ಸುಮಾರು 1344 ಮೀಟರು. ಉಷ್ಣತೆಯನ್ನು ಗಣನೆಗೆ ತೆಗೆದುಕೊಳ್ಳದೆ ಬಿಟ್ಟರೆ ಬರುವ ಉತ್ತರ 1229 ಮೀಟರು ಮಾತ್ರ. ಬಿಸಿ ಗಾಳಿ ಹಿಗ್ಗಿ ಹಗುರವಾಗುವುದರಿಂದ, ಅಷ್ಟೇ ಒತ್ತಡದ ಇಳಿತಕ್ಕೆ ಹೆಚ್ಚು ಎತ್ತರ ಏರಬೇಕಾಗುತ್ತದೆ. ಉಷ್ಣತಾಮಾಪಕವನ್ನು ನೆರಳಿನಲ್ಲಿ ಹಿಡಿದು ನೋಡಬೇಕೆಂಬುದಕ್ಕೆ ಇದೇ ಕಾರಣ.

ಉಪಕರಣವಿಲ್ಲದವರಿಗೆ ಒಂದು ಸೀಸೆ

ವಾಯುಭಾರಮಾಪಕ ದೊರೆಯದವರು ನಿರಾಶರಾಗಬೇಕಿಲ್ಲ. ಬಿರಡೆ ಭದ್ರವಾಗಿ ಕೂರುವ, ಒಳಗೆ ಒಣಗಿದ, ಒಂದು ಲೀಟರಿನ ಗಾಜಿನ ಸೀಸೆಯನ್ನು ಬರಿದಾಗಿ ಒಯ್ಯಿರಿ. ಶಿಖರದಲ್ಲಿ ಹತ್ತು ನಿಮಿಷ ನೆರಳಿನಲ್ಲಿ ತೆರೆದಿಟ್ಟು ಬಿಗಿಯಾಗಿ ಮುಚ್ಚಿರಿ. ಅಲ್ಲಿಯ ಉಷ್ಣತೆಯನ್ನು ಬರೆದುಕೊಳ್ಳಿರಿ. ಕುಂದಾಪುರಕ್ಕೆ ಮರಳಿ, ಸೀಸೆಯನ್ನು ತಲೆಕೆಳಗಾಗಿ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ನೀರಿನೊಳಗೇ ಬಿರಡೆಯನ್ನು ತೆಗೆಯಿರಿ. ನೀರು ತಾನಾಗಿ ಒಳನುಗ್ಗುವುದನ್ನು ಕಾಣುವಿರಿ. ಒಳಗಿನ ಮತ್ತು ಹೊರಗಿನ ನೀರಿನ ಮಟ್ಟ ಸಮವಾಗುವಂತೆ ಹಿಡಿದು, ಅಲ್ಲಿಯೇ ಮುಚ್ಚಿ, ಒಳಬಂದ ನೀರನ್ನು ಅಳೆಯಿರಿ.

ಮೇಲಿನ ಉದಾಹರಣೆಯ ಸನ್ನಿವೇಶದಲ್ಲಿ ಸುಮಾರು 116 ಮಿಲಿಲೀಟರ್ ನೀರು ಒಳಬರುತ್ತದೆ. ಉಳಿದ ಗಾಳಿ 884 ಮಿಲಿಲೀಟರು. ಬಾಯ್ಲ್ ಮತ್ತು ಚಾರ್ಲ್ಸರ ನಿಯಮಗಳನ್ನು ಕೂಡಿಸಿದರೆ, ಶಿಖರದ ಒತ್ತಡ = 1010 × 0.884 × (294 ÷ 303), ಎಂದರೆ 866 ಮಿಲಿಬಾರು. ಕಾಸು ಖರ್ಚಿಲ್ಲದ ವಾಯುಭಾರಮಾಪಕ ಇದು!

ಒತ್ತಡ ತಗ್ಗಿದುದರ ಪರಿಣಾಮ ಅಡಿಗೆಮನೆಯಲ್ಲಿಯೂ ಕಾಣುತ್ತದೆ. 866 ಮಿಲಿಬಾರಿನಲ್ಲಿ ನೀರು ಸುಮಾರು 95.6 ಡಿಗ್ರಿಗೇ ಕುದಿಯುತ್ತದೆ. ಸೌದೆ ಎಷ್ಟು ಹಾಕಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು. ಆದುದರಿಂದ ಕುಂದಾಪುರದಲ್ಲಿ ಬೇಯುವ ಕುಚ್ಚಲಕ್ಕಿ ಅಲ್ಲಿ ಬೇಯಲು ಹೆಚ್ಚು ಹೊತ್ತು ಬೇಕು. ಇದನ್ನು ಪರೀಕ್ಷಿಸಲು ಕಾಡಿನಲ್ಲಿ ಬೆಂಕಿ ಹಚ್ಚಕೂಡದು. ಅದು ಅಪರಾಧವೂ ಹೌದು, ಅಪಾಯವೂ ಹೌದು.

ಹಿಂದಿರುಗುವ ಹೊತ್ತು

ಮೇಲೇರಲು ತಿಳಿದಿರಬೇಕಾದ ಭೌತವಿಜ್ಞಾನಕ್ಕಿಂತ ಕೆಳಗಿಳಿಯಲು ತಿಳಿದಿರಬೇಕಾದುದು ಹೆಚ್ಚಿನದು. ಮೂರು ಸಂಗತಿಗಳನ್ನು ಗಮನದಲ್ಲಿಡಬೇಕು.

ಮೊದಲನೆಯದು, ಬೆಳಕು. ಜೂನ್ ತಿಂಗಳ ಕೊನೆಗೆ ಕುಂದಾಪುರದಲ್ಲಿ ಸೂರ್ಯಾಸ್ತ ಏಳು ಗಂಟೆಯ ಸಮೀಪ. ಅಕ್ಟೋಬರ್ ನಡುವಿನಲ್ಲಿ ಅದು 6 ಗಂಟೆ 12 ನಿಮಿಷದ ಸುಮಾರಿಗೆ, ನವೆಂಬರ್ ನಡುವಿನಲ್ಲಿ ಆರು ಗಂಟೆಗೆ. ಶಿಖರದಿಂದ ದಿಗಂತ ಕೆಳಗಿರುವುದರಿಂದ ಅಲ್ಲಿ ಸೂರ್ಯನು ದಡದಲ್ಲಿರುವವರಿಗಿಂತ ಸುಮಾರು ನಾಲ್ಕೂವರೆ ನಿಮಿಷ ತಡವಾಗಿ ಮುಳುಗುತ್ತಾನೆ. ಆ ಸೊಬಗನ್ನು ನೋಡಲೆಂದೇ ಹಲವರು ಉಳಿಯುತ್ತಾರೆ. ಆದರೆ ನಮ್ಮ ಅಕ್ಷಾಂಶದಲ್ಲಿ ಸೂರ್ಯನು ದಿಗಂತಕ್ಕೆ ಕಡಿದಾಗಿ ಇಳಿಯುವುದರಿಂದ ಸಂಧ್ಯಾಕಾಲ ಬಹಳ ಚಿಕ್ಕದು. ಸೂರ್ಯಾಸ್ತದ ಬಳಿಕ ದಾರಿ ಕಾಣುವಷ್ಟು ಬೆಳಕು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಉಳಿಯದು; ಮರಗಳ ಕೆಳಗೆ ಅಷ್ಟೂ ಇಲ್ಲ. ಒಂದೇ ದಿನದಲ್ಲಿ ಮರಳುವವರು ಮಧ್ಯಾಹ್ನ ಎರಡು ಗಂಟೆಗೆ ಶಿಖರವನ್ನು ಬಿಡುವುದು ಒಳ್ಳೆಯದು.

ಎರಡನೆಯದು, ಸಿಡಿಲು. ಚಿತ್ತಾ, ಸ್ವಾತಿ ಮಳೆಗಳ ಕಾಲದಲ್ಲಿ ಮುಂಜಾನೆ ತಿಳಿಯಾಗಿದ್ದ ಆಕಾಶದಲ್ಲಿ ಮಧ್ಯಾಹ್ನದ ಮೇಲೆ ಗುಡುಗಿನ ಮೋಡ ಕಟ್ಟುವುದು ಕರಾವಳಿ ಮಲೆನಾಡುಗಳಲ್ಲಿ ಸಾಮಾನ್ಯ. ಶಬ್ದವು ಒಂದು ಕಿಲೋಮೀಟರ್ ದೂರವನ್ನು ಸುಮಾರು ಮೂರು ಸೆಕೆಂಡಿನಲ್ಲಿ ಕ್ರಮಿಸುತ್ತದೆ. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಎಣಿಸಿ, ಮೂರರಿಂದ ಭಾಗಿಸಿದರೆ ಸಿಡಿಲೆರಗಿದ ದೂರ ತಿಳಿಯುತ್ತದೆ. ಎಣಿಕೆ ಮೂವತ್ತಕ್ಕಿಂತ ಕಡಿಮೆಯಾದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆಯೆಂದು ತಿಳಿದು ಬೋಳುನೆತ್ತಿಯಿಂದ ಇಳಿದುಬಿಡಬೇಕು. ಶಿಖರದಲ್ಲಿರುವ ತೆರೆದ ಕಲ್ಲುಮಂಟಪ, ಒಂಟಿಮರ, ಎತ್ತರದ ಕಂಬ, ಇವುಗಳ ಬಳಿ ಆಶ್ರಯ ಪಡೆಯಬಾರದು. ಲೋಹದ ಮೈ ಪೂರ್ತಿ ಮುಚ್ಚಿರುವ ವಾಹನ ಸುರಕ್ಷಿತ. ಕ್ಯಾನ್ವಾಸಿನ ಮಾಡಿರುವ ಜೀಪು ಸಾಲದು. ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಕಾಯಬೇಕು.

ಮೂರನೆಯದು, ನೀರು. ಶರತ್ಕಾಲದಲ್ಲಿ ಹಳ್ಳಗಳು ಇನ್ನೂ ತುಂಬಿ ಹರಿಯುತ್ತಿರುತ್ತವೆ. ಹರಿಯುವ ನೀರಿನ ನೂಕುಬಲ ವೇಗದ ವರ್ಗಕ್ಕೆ ಅನುಗುಣವಾದುದು. ಮೊಣಕಾಲಿಗೂ ತುಸು ಮೇಲಿನವರೆಗೆ ನೀರಿದ್ದು, ಅದರ ವೇಗ ಸೆಕೆಂಡಿಗೆ ಒಂದು ಮೀಟರಾದರೆ ಕಾಲುಗಳ ಮೇಲೆ ಬೀಳುವ ಬಲ ಏಳೆಂಟು ಕಿಲೋಗ್ರಾಮಿನ ತೂಕದಷ್ಟು. ವೇಗ ಮೂರು ಮೀಟರಾದರೆ ಬಲ ಮೂರರಷ್ಟಲ್ಲ, ಒಂಬತ್ತರಷ್ಟು. ಸುಮಾರು ಎಪ್ಪತ್ತು ಕಿಲೋಗ್ರಾಮಿನ ತೂಕ. ಪಾಚಿ ಹಿಡಿದ ಬಂಡೆಯ ಮೇಲೆ ಘರ್ಷಣೆ ತೀರ ಕಡಿಮೆಯಾಗಿರುವಾಗ ಇದನ್ನು ತಡೆದು ನಿಲ್ಲುವ ಶಕ್ತಿ ಯಾರಿಗೂ ಇಲ್ಲ. ಕೊಲ್ಲೂರಿನ ಬಳಿಯ ಅರಶಿನಗುಂಡಿ ಜಲಪಾತದಲ್ಲಿ 2023ರ ಜುಲೈ ತಿಂಗಳಲ್ಲಿ ಯುವಕನೊಬ್ಬನು ಬಂಡೆಯ ಮೇಲಿಂದ ಜಾರಿ ನೀರಿನ ಪಾಲಾದನು. ಸಂಗಡಿಗನ ಫೋನು ಚಿತ್ರ ತೆಗೆಯುತ್ತಿರುವಾಗಲೇ ಅದು ನಡೆದುಹೋಯಿತು. ಪ್ರಾಯದ ಬಲವಾಗಲಿ ಧೈರ್ಯವಾಗಲಿ ಘರ್ಷಣೆಯ ಗುಣಾಂಕವನ್ನು ಬದಲಿಸಲಾರದು.

ಈ ಮೂರು ಸಂದರ್ಭಗಳಲ್ಲಿಯೂ ಕೆಳಗಿನ ಸಾಕ್ಷಿಯ ಉಪಯೋಗವಿದೆ. ತಂಡವು ಯಾವ ದಾರಿಯಲ್ಲಿ ಹೋಗಿದೆ, ಎಷ್ಟು ಹೊತ್ತಿಗೆ ಕೊಲ್ಲೂರಿಗೆ ಇಳಿಯತಕ್ಕದ್ದು ಎಂಬುದು ಅವರ ಪುಸ್ತಕದ ಮೊದಲ ಪುಟದಲ್ಲಿಯೇ ಇರಲಿ. ಗೊತ್ತುಮಾಡಿದ ಹೊತ್ತಿಗೆ ಸುದ್ದಿ ಬಾರದಿದ್ದರೆ ಸಹಾಯಕ್ಕಾಗಿ ಯಾರಿಗೆ ತಿಳಿಸಬೇಕೆಂಬುದೂ ಅಲ್ಲಿರಲಿ. ಬೆಟ್ಟದ ಮೇಲೆ ದೂರವಾಣಿ ಎಲ್ಲೆಡೆಯೂ ಸಿಗುವುದಿಲ್ಲ.

ಮಾಡಿ ನೋಡಲು

ಪುಸ್ತಕದಲ್ಲಿ ಐದು ಅಂಕಣಗಳನ್ನು ಎಳೆಯಿರಿ: ಸ್ಥಳ, ಹೊತ್ತು, ಮೇಲಿನ ಒತ್ತಡ, ಉಷ್ಣತೆ, ಅದೇ ಹೊತ್ತಿನ ಕೆಳಗಿನ ಒತ್ತಡ. ಮರವಂತೆ, ಕೊಲ್ಲೂರು, ಮೂಲ ಮೂಕಾಂಬಿಕೆಯ ಗುಡಿ, ಸರ್ವಜ್ಞಪೀಠ, ಹೀಗೆ ನಾಲ್ಕು ಸಾಲುಗಳನ್ನು ತುಂಬಿ ಪ್ರತಿಯೊಂದರ ಎತ್ತರವನ್ನು ಸೂತ್ರದಿಂದ ಲೆಕ್ಕಹಾಕಿರಿ. ಶಿಖರದ ಎತ್ತರ 1343ಕ್ಕೆ ಎಷ್ಟು ಸಮೀಪ ಬಂದಿತು? ವ್ಯತ್ಯಾಸವಿದ್ದರೆ ಅದಕ್ಕೆ ಕಾರಣ ಉಪಕರಣವೋ, ಉಷ್ಣತೆಯ ಅಳತೆಯೋ, ಹೊತ್ತಿನ ತಪ್ಪೋ? ಸೀಸೆಯ ಪ್ರಯೋಗದ ಉತ್ತರವನ್ನೂ ಇದರೊಡನೆ ಹೋಲಿಸಿರಿ.

ಇಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಐದನೆಯ ಸಾಲೊಂದು ಉಳಿದಿದೆ. ಸಂಜೆ ಕುಂದಾಪುರಕ್ಕೆ ಬಂದು, ಬೆಟ್ಟಕ್ಕೆ ಒಯ್ದ ಉಪಕರಣವನ್ನು ಕೆಳಗೆ ಉಳಿದುದರ ಪಕ್ಕದಲ್ಲಿರಿಸಿ, ಎರಡರ ನಡುವೆ ಬೆಳಗ್ಗೆ ಇದ್ದ ವ್ಯತ್ಯಾಸವೇ ಈಗಲೂ ಇದೆಯೇ ಎಂದು ನೋಡಬೇಕು. ಇದ್ದರೆ ಮಾತ್ರ ಮೇಲಿನ ಅಂಕಿಗಳನ್ನು ನಂಬಬಹುದು. ಪೇರಿಯೇ ಕೂಡ ಮಠದ ತೋಟಕ್ಕೆ ಮರಳಿ ಹೀಗೆಯೇ ಮಾಡಿದನು. ತಂಡದವರೆಲ್ಲರೂ ಕ್ಷೇಮವಾಗಿ ಹಿಂದಿರುಗಿ ಆ ಕೊನೆಯ ಸಾಲನ್ನು ಬರೆದಾಗಲೇ ಈ ಪ್ರಯೋಗ ಪೂರ್ಣವಾದಂತೆ.